ಮುಯ್ಯಾಳಿನ ಕಡೆಯ ಬೇಸಿಗೆ

ಆಗೆಲ್ಲ ನಮ್ಮ ಓಣಿಯಲ್ಲಿ ಯಾರಾದರೂ ಅಂಗಡಿಯಿಂದ ಶಾವಿಗೆ ಕೊಂಡು ತಂದರೆ, ಆ ಮನೆಯ ಹೆಂಗಸಿಗೆ ಮೈಯಲ್ಲಿ ಹುಷಾರಿಲ್ಲ ಎಂದೇ ತಿಳಿದುಕೊಂಡು ಉಳಿದವರು ನೋಡಲು ಹೋಗುತ್ತಿದ್ದರು. ತೀರಾ ಅಜ್ಜಿಯ ಕಾಲದ ಮಾತೇನಲ್ಲ ಇದು. ದಾಂಡೇಲಿಗೆ ಮೊಬೈಲು ಬಂದಿತ್ತು. ಕಾಳಿ ಹೊಳೆಯಲ್ಲಿ ರಬ್ಬರ್ ದೋಣಿ ಹತ್ತಲು ಬರುವವರ ಗಾಡಿಗಳು ಶನಿವಾರ ಶನಿವಾರ ಸಾಲುಗಟ್ಟುತ್ತಿದ್ದವು. ಆದರೂ ಅಂಬೇವಾಡಿಯ ನಮ್ಮ ಐದು ಮನೆಗಳ ಓಣಿ ಏಪ್ರಿಲ್ ಬಂದ ಕೂಡಲೇ ಎಲ್ಲ ಬಿಟ್ಟು ಶಾವಿಗೆಗೆ ಕೂಡುತ್ತಿತ್ತು.

ಪದ್ಧತಿ ಸರಳ. ಇವತ್ತು ನಿಮ್ಮ ಮನೆಯ ಶಾವಿಗೆಯಾದರೆ ಐದೂ ಮನೆಯ ಹೆಂಗಸರು ನಿಮ್ಮ ಅಂಗಳದಲ್ಲಿ. ನಾಳೆ ನಮ್ಮದಾದರೆ ಎಲ್ಲರೂ ನಮ್ಮ ಅಂಗಳದಲ್ಲಿ. ಇದಕ್ಕೆ ಮುಯ್ಯಾಳು ಎನ್ನುತ್ತಿದ್ದರು. ನೀನು ನನಗೆ ದುಡಿದ ದಿನಕ್ಕೆ ನಾನು ನಿನಗೆ ಒಂದು ದಿನ ದುಡಿಯುವುದು, ಅಷ್ಟೆ. ಕೂಲಿಯ ಮಾತೇ ಇಲ್ಲ. ಸಂಜೆ ಹಸಿ ಶಾವಿಗೆಯನ್ನೇ ಬೇಯಿಸಿ ಬಸಿದು, ಬೆಲ್ಲ ತುಪ್ಪ ಕಲಸಿ, ಬಂದವರಿಗೆಲ್ಲ ತಾಟು ತುಂಬ ಹಾಕಿಕೊಟ್ಟರೆ ಆ ದಿನ ಮುಗಿಯಿತು.

ಶಾವಿಗೆ ಒತ್ತುವ ಕೈಯಂತ್ರ ಓಣಿಗೆಲ್ಲ ಒಂದೇ. ಅದು ಪಕ್ಕದ ಮನೆಯ ಮಾಬೂಬಿ ಚಾಚಿಯದು. ಅವಳ ಗಂಡ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದರಿಂದ ಆ ಯಂತ್ರ ಯಾವತ್ತೂ ಕಿರ್ ಎಂದದ್ದಿಲ್ಲ. ಅದನ್ನು ಉದ್ದನೆಯ ಬೆಂಚಿನ ಒಂದು ತುದಿಗೆ ಹಗ್ಗದಿಂದ ಬಿಗಿದು, ನಾದಿದ ಕಣಕ ತುಂಬಿ ಹಿಡಿಕೆ ತಿರುಗಿಸಿದರೆ ಕೆಳಗೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ತಿರುಗಿಸುವ ರಭಸಕ್ಕೆ ಬೆಂಚು ಮೇಲೇಳಬಾರದಲ್ಲ, ಅದಕ್ಕೆ ಇನ್ನೊಂದು ತುದಿಗೆ ಮಕ್ಕಳನ್ನು ಭಾರಕ್ಕೆಂದು ಕೂಡಿಸುತ್ತಿದ್ದರು. ಆ ತುದಿ ನನ್ನದು ಮತ್ತು ಚಾಚಿಯ ಮಗಳು ನಸೀಮಾಳದು. ಇಬ್ಬರಿಗೂ ಹನ್ನೊಂದು ವರ್ಷ, ಒಂದೇ ಕ್ಲಾಸು. ಹಸಿ ಗೋಧಿಯ ವಾಸನೆ, ಸೇಂಗಾ ಎಣ್ಣೆಯ ವಾಸನೆ, ದೊಡ್ಡವರ ಕಣ್ಣು ತಪ್ಪಿಸಿ ಕದ್ದು ತಿಂದ ಕಣಕದ ಉಂಡೆ, ಆಮೇಲೆ ಹೊಟ್ಟೆನೋವು. ಬೇಸಿಗೆ ರಜೆ ಎಂದರೆ ನಮಗೆ ಇಷ್ಟೇ, ಮತ್ತು ಇಷ್ಟು ಸಾಕಾಗಿತ್ತು.

ಆ ವರ್ಷ ಯುಗಾದಿಗೆ ಮುಂಚೆ ಅಪ್ಪ ಬೆನ್ನು ಹಿಡಿದು ಮಲಗಿದ. ಹಳಿಯಾಳ, ಜೋಯಿಡಾ, ಮುಂಡಗೋಡ ಎಂದು ಟೆಂಪೊ ಓಡಿಸುತ್ತಿದ್ದವನು. ಡಾಕ್ಟರು ಮೂರು ತಿಂಗಳು ಸ್ಟೇರಿಂಗ್ ಮುಟ್ಟಕೂಡದು ಎಂದರು. ಅವ್ವನಿಗೆ ಬ್ಲೌಸ್ ಹೊಲಿಯುವ ಕೆಲಸವಿತ್ತು, ಅದರಲ್ಲಿ ಮನೆ ನಡೆಯುವಂತಿರಲಿಲ್ಲ. ಹೀಗಿರುವಾಗ ಬಜಾರಿನ ಕಿರಾಣಿ ಅಂಗಡಿಯ ಇಸ್ಮಾಯಿಲ್ ಚಾಚಾ ಅವ್ವನನ್ನು ನಿಲ್ಲಿಸಿ ಮಾತಾಡಿಸಿದರು. ಹಿಂದಿನ ವರ್ಷ ಅವ್ವ ಅವರ ಮನೆಗೊಂದು ಡಬ್ಬಿ ಶಾವಿಗೆ ಕೊಟ್ಟಿದ್ದಳು. ನಾನು ಅವ್ವನ ಸೆರಗು ಹಿಡಿದು ಅಲ್ಲೇ ನಿಂತಿದ್ದೆ.

"ಈ ಸಲ ರಂಜಾನ ಮಳಿಗಾಲದಾಗ ಬರ್ತೈತಿ ಬೆಹೆನ್. ಮಳ್ಯಾಗ ಶಾವಿಗಿ ಎಲ್ಲಿ ಒಣಗಬೇಕು? ಈಗ ಮಾಡಿ ಕೊಟ್ರ ನಾ ಇಟ್ಕೋತೇನಿ. ಎಂಬತ್ತು ಕಿಲೊ."

"ಎಂಬತ್ತೇನ್ರಿ?"

"ಮುಂದಿನ ಶುಕ್ರವಾರ ಹುಬ್ಬಳ್ಳಿ ಏಜೆಂಟ ಬರ್ತಾನ. ನಾ ನಮಾಜಿಗೆ ಹೋಗೂದ್ರೊಳಗ ನಿಮ್ಮ ಮಾಲು ಅಂಗಡ್ಯಾಗ ಇದ್ರ ಅವಂಗ ಬ್ಯಾಡ ಅಂತೇನಿ. ಇಲ್ಲಾಂದ್ರ ಅವನ ಕಡೆನ ತಗೋಬೇಕಾಕ್ಕೈತಿ. ಸಿಟ್ಟಾಗಬ್ಯಾಡ್ರಿ ಮತ್ತ."

ಅವ್ವ ಹೂಂ ಎಂದುಬಿಟ್ಟಳು. ಯಾರನ್ನೂ ಕೇಳಲಿಲ್ಲ. ಮರುದಿನ ನಾನು ಆಡಿಕೊಂಡು ಬರುವಷ್ಟರಲ್ಲಿ ನಮ್ಮ ಮನೆಯ ಕಿಟಕಿಯ ಕೆಳಗಿದ್ದ ಹೊಲಿಗೆ ಯಂತ್ರ ಇರಲಿಲ್ಲ. ಅದನ್ನು ಮಾರಿ ತಂದ ಗೋಧಿ ಚೀಲಗಳು ಆ ಜಾಗದಲ್ಲಿ ಕುಳಿತಿದ್ದವು. ಈ ಗೋಧಿ ಶುಕ್ರವಾರದೊಳಗೆ ಶಾವಿಗೆಯಾಗದಿದ್ದರೆ ಬ್ಲೌಸೂ ಇಲ್ಲ, ಶಾವಿಗೆಯೂ ಇಲ್ಲ ಎಂಬುದು ಹನ್ನೊಂದು ವರ್ಷದವಳಿಗೂ ತಿಳಿಯುವಂಥ ಮಾತು.

ಮಲಗಿದಲ್ಲಿಂದಲೇ ಅಪ್ಪ ಕೇಳಿದ, "ಎಂಬತ್ತು ಕಿಲೊ ನೀ ಒಬ್ಬಾಕಿನ ಒತ್ತತಿಯೇನು?"

"ಓಣ್ಯಾಗಿನವ್ರು ಬರ್ತಾರಲ್ಲ."

"ಮುಯ್ಯಾಳಂತ ಕರದು ಮಾರಾಟಕ್ಕ ದುಡಿಸ್ಕೋತಿ? ಕೂಲಿ ಕೊಡು ಹಂಗಾರ."

"ಕೂಲಿ ಅಂದ್ರ ಮಾಬೂಬಿ ಆಪಾ ನನ್ನ ಮಾರಿನ ನೋಡೂದಿಲ್ಲ. ಆಕಿ ನಮ್ಮ ಮನಿಗೆ ಕೂಲಿಗೆ ಬರಾಕಿ ಏನ್ರಿ?"

"ಖರೇ ಹೇಳಿ ಕರಿ."

ಅವ್ವ ಗೋಧಿ ಚೀಲದ ಬಾಯಿ ಬಿಚ್ಚತೊಡಗಿದಳು. ಈಗ ಯೋಚಿಸಿದರೆ ಅವಳ ಕಷ್ಟ ನನಗೆ ಅರ್ಥವಾಗುತ್ತದೆ. ಮುಯ್ಯಾಳಿಗೆ ಕರೆಯಲು ನಮ್ಮವರಿಗೆ ಬಾಯಿತ್ತು, ಕೂಲಿಗೆ ಕರೆಯಲು ಬಾಯಿರಲಿಲ್ಲ. 'ನನ್ನ ವ್ಯಾಪಾರಕ್ಕೆ ಬನ್ನಿ' ಎಂದು ನೆರೆಮನೆಯವಳಿಗೆ ಹೇಳುವ ಮಾತು ಹೇಗಿರುತ್ತದೆಂಬುದೇ ಆ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಸೀರೆ ಕೊಟ್ಟರಾಯಿತು ಎಂದು ಅವ್ವ ತನ್ನೊಳಗೆ ತೀರ್ಮಾನಿಸಿಕೊಂಡಳು. ನನಗೆ ಮಾತ್ರ ಕೆನ್ನೆ ಹಿಡಿದು ಹೇಳಿದಳು, "ಸವಿ, ಎಲ್ಲ್ಯರೆ ಬಾಯಿ ಬಿಟ್ಟೀ ಅಂದ್ರ ನೋಡು ಮತ್ತ."

ಸೋಮವಾರ ಕಾರ್ಖಾನೆಯ ಭೋಂಗಾ ಕೂಗುವ ಹೊತ್ತಿಗೆ ಎಲ್ಲರೂ ಬಂದರು. ಚಾಚಿ ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಓಣಿಯ ಕೊನೆಯ ಮನೆಯ ಗಂಗಕ್ಕ ಆ ದಿನದ ಕೆಲಸ ಬಿಟ್ಟು ಬಂದಳು. ಗಂಗಕ್ಕ ಮುಂಡಗೋಡದ ಮಳಗಿ ಕಡೆಯವಳು, ಕಟ್ಟಡದ ಕೂಲಿಗೆ ಹೋಗುತ್ತಿದ್ದಳು, ಕಣಕ ಕುಟ್ಟುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಉಳಿದೆರಡು ಮನೆಯ ಹೆಂಗಸರು ಎಳೆ ಹಿಡಿದು ಕೋಲಿಗೆ ಹಾಕಲು ನಿಂತರು. ನಾನೂ ನಸೀಮಾಳೂ ಭಾರಕ್ಕೆ ಕೂತೆವು. ಎಲ್ಲ ಪ್ರತಿವರ್ಷದ ಹಾಗೇ ಇತ್ತು. ನಾನು ಮಾತ್ರ ನಸೀಮಾಳ ಕಡೆ ನೋಡದೆ ಕೂತಿದ್ದೆ.

"ಹೊಲಗಿ ಮಷಿನ್ ಎಲ್ಲಿ ಲಲಿತಾ?" ಚಾಚಿ ಒಳಗೆ ಇಣುಕಿ ಕೇಳಿದಳು.

"ರಿಪೇರಿಗೆ ಕೊಟ್ಟೇನಿ ಆಪಾ."

"ಯಾರ ಕಡೆ? ನಮ್ಮವ್ರು ಮಾಡ್ತಿದ್ರಲ್ಲ."

ಅವ್ವ ಕೇಳಿಸದವಳ ಹಾಗೆ ನೀರು ತರಲು ಹೋದಳು.

ಒಂದು ಮನೆಗೆ ಒಂದು ದಿನ ಎಂಬುದು ರೂಢಿ. ಮಂಗಳವಾರವೂ ನಮ್ಮ ಮನೆಯದೇ ಎಂದಾಗ ಉಳಿದೆರಡು ಮನೆಯವರು ಮುಖ ಮುಖ ನೋಡಿಕೊಂಡರು. ಬಂದರು, ಆದರೆ ಮಾತು ಕಡಿಮೆಯಿತ್ತು. ಮಧ್ಯಾಹ್ನ ಚಾಚಿ ಹಿಡಿಕೆ ತಿರುಗಿಸುತ್ತಲೇ ಕೇಳಿದಳು, "ಅಲ್ಲ ಲಲಿತಾ, ನಿಮ್ಮ ಮನ್ಯಾಗ ಇರೋರು ಮೂರು ಮಂದಿ. ಇಷ್ಟು ಯಾರ ತಿನ್ನಾಕ?"

ಅಂಗಳದಲ್ಲಿ ಎಲ್ಲರ ಕೈ ಸ್ವಲ್ಪ ನಿಧಾನವಾಯಿತು. ಅವ್ವ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

"ನಮ್ಮ ದೊಡ್ಡಕ್ಕನ ಮಗಳ ಮದುವಿ ಐತ್ರಿ. ಶಾವಿಗಿ ನನ್ನ ಮ್ಯಾಲ ಹಾಕ್ಯಾರ."

ಸುಳ್ಳು ಹೇಳಿದರೆ ಬೈಸಿಕೊಳ್ಳುತ್ತೇವೆ ಎಂದು ನಾವು ಮಕ್ಕಳು ಕಲಿತಿದ್ದೆವು. ಅಂದು ಆದದ್ದು ಅದಕ್ಕಿಂತ ಕೆಟ್ಟದ್ದು. ಆ ಸುಳ್ಳಿಗೆ ಎಲ್ಲರೂ ಖುಷಿಪಟ್ಟರು. "ಮೊದಲ ಹೇಳಬಾರದನವ್ವಾ" ಎಂದು ಗಂಗಕ್ಕ ಒನಕೆ ಬಿಟ್ಟು ಕೈ ತೊಳೆದುಕೊಂಡು ಬಂದಳು. ಮದುವೆಯ ಶಾವಿಗೆ ಎಂದರೆ ಬರೀ ಎಳೆ ಸಾಲದು, ಬೆರಳಲ್ಲಿ ಹೊಸೆದ ಗೌಲಿಯೂ ಬೇಕು. ಗೋಧಿ ಕಾಳಿನಷ್ಟು ಚಿಕ್ಕ ಹಿಟ್ಟಿನ ಕಾಳುಗಳು ಅವು. ಒಂದು ಬೊಗಸೆ ಹೊಸೆಯಲು ಅರ್ಧ ದಿನ ಬೇಕು. ಯಾರೂ ಹೇಳದೆ, ಯಾರೂ ಕೇಳದೆ, ಐದಾರು ಕೈಗಳು ಮಾತಿನ ನಡುವೆ ಗೌಲಿ ಹೊಸೆಯತೊಡಗಿದವು. ಇದ್ದಕ್ಕಿದ್ದಂತೆ ಅಂಗಳದಲ್ಲಿ ನಗು ಬಂತು, ಹಾಡು ಬಂತು. ಮದುಮಗಳಿಗೆ ಗಂಡ ಎಂಥವನು ಸಿಕ್ಕಿದ್ದಾನೆ ಎಂದು ಕೇಳಿದರು. ಅವ್ವ ಒಂದು ಸುಳ್ಳಿಗೆ ಇನ್ನೊಂದು ಕಟ್ಟುತ್ತಾ ಹೋದಳು. ಸಂಜೆ ಎಲ್ಲರೂ ಹೋದ ಮೇಲೆ ಮೊರದಲ್ಲಿದ್ದ ಆ ಗೌಲಿಯನ್ನು ನೋಡುತ್ತಾ ಅವಳು ಅಡುಗೆ ಮನೆಯಲ್ಲಿ ಕೂತಿದ್ದಳು. ಊಟ ಮಾಡಲಿಲ್ಲ.

"ನಾಳೆ ಹೇಳ್ತೇನಿ," ಎಂದಳು ಅಪ್ಪನಿಗೆ.

ನಾಳೆ ಹೇಳಲು ನಾನು ಬಿಡಲಿಲ್ಲ.

ಬುಧವಾರ ಹನ್ನೊಂದರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಶಾವಿಗೆ ಒಣಗಿ ಚೀಲ ಸೇರಿತ್ತು. ಆ ದಿನಕ್ಕೆ ನಾದಿದ ಕಣಕ ದೊಡ್ಡ ಪರಾತದಲ್ಲಿ ಒದ್ದೆ ಬಟ್ಟೆ ಹೊದ್ದು ಕೂತಿತ್ತು. ಬೆಂಚಿನ ತುದಿಯಲ್ಲಿ ನಸೀಮಾ ನನ್ನ ಅಂಗೈ ಹಿಡಿದು ಬೆರಳಿನಿಂದ ಬಳ್ಳಿ ಬರೆಯುತ್ತಿದ್ದಳು. ಮೆಹಂದಿ ಹಾಕುವುದರಲ್ಲಿ ಅವಳಿಗೆ ಎಲ್ಲಿಲ್ಲದ ಹುಚ್ಚು.

"ನಾನೂ ಮದುವಿಗೆ ಬರ್ತೇನಿ. ಮದುಮಗಳಿಗೆ ನಾನ ಹಚ್ಚಾಕಿ. ಅಮ್ಮಿ ಹೂಂ ಅಂದಾಳ."

ಅವಳ ಬೆರಳು ಅಂಗೈಯ ನಡುವೆ ಒಂದು ಹೂ ಬರೆಯಿತು.

"ಸವಿ, ನಿಮ್ಮ ದೊಡ್ಡವ್ವಗ ಇಬ್ಬರೂ ಗಂಡಮಕ್ಕಳಲ್ಲ? ನೀನ ಹೇಳಿದ್ದಿ."

ಅವಳು ಅನುಮಾನದಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು. ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ದೊಡ್ಡವ್ವನನ್ನು ಹುಟ್ಟಿಸಿಬಿಡುತ್ತಿದ್ದೆನೇನೋ. ಅವಳ ಬೆರಳು ನನ್ನ ಅಂಗೈ ಮೇಲೆ ಹಾಗೇ ಇತ್ತು. ಮೂರು ದಿನದಿಂದ ಹಿಡಿದಿಟ್ಟದ್ದು ಅಳುವಿನ ಜೊತೆ ಹೊರಗೆ ಬಿತ್ತು.

"ಮದುವಿ ಇಲ್ಲ. ಇಸ್ಮಾಯಿಲ್ ಚಾಚಾನ ಅಂಗಡಿಗಿ ಮಾರಾಕ."

ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದೆ. ಹಿಡಿಕೆ ನಿಂತಿತು. ಗಂಗಕ್ಕನ ಒನಕೆ ನಿಂತಿತು. ಅವ್ವ ಎಳೆಯ ಕೋಲು ಹಿಡಿದುಕೊಂಡು ಬಿಸಿಲಲ್ಲಿ ನಿಂತೇ ಇದ್ದಳು.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಚಾಚಿ ಸೆರಗಿನಿಂದ ಕೈ ಒರೆಸಿಕೊಂಡಳು, ಬಗ್ಗಿ ಹಗ್ಗದ ಗಂಟು ಬಿಚ್ಚಿದಳು, ಯಂತ್ರದೊಳಗೆ ಉಳಿದಿದ್ದ ಕಣಕವನ್ನು ಬೆರಳಿನಿಂದ ತೆಗೆದು ಪರಾತದಲ್ಲಿ ಹಾಕಿದಳು.

"ಕೇಳಿದ್ರ ಜೀವಾ ಕೊಡ್ತಿದ್ದೆ ಲಲಿತಾ," ಎಂದಳು. "ಮದುವಿ ಅಂತ ಯಾಕ ಹೇಳಿದಿ?"

ಯಂತ್ರ ಎತ್ತಿಕೊಂಡು, ನಸೀಮಾಳ ರಟ್ಟೆ ಹಿಡಿದು ಹೊರಟಳು. ಹಿಂದೆಯೇ ಉಳಿದವರೂ ಹೋದರು. ಗಂಗಕ್ಕ ಎಲ್ಲರಿಗಿಂತ ಕೊನೆಗೆ, ಒನಕೆಯನ್ನು ಗೋಡೆಗೆ ಒರಗಿಸಿ ಹೋದಳು. ಅವ್ವ ನನ್ನನ್ನು ಹೊಡೆಯುತ್ತಾಳೆ ಎಂದು ನಾನು ಬೆಂಚಿನ ಮೇಲೆಯೇ ಕೂತಿದ್ದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಳಗಿನಿಂದ ಅಜ್ಜಿಯ ಕಾಲದ ಶಾವಿಗೆ ಮಣೆ ತಂದು, ಕಣಕ ಹರಿದು ಕೈಯಿಂದಲೇ ಹೊಸೆಯಲು ಶುರುಮಾಡಿದಳು. ಸಂಜೆಯವರೆಗೆ ಹೊಸೆದರೂ ಒಂದು ಹೆಡಿಗೆಯ ತಳ ಮುಚ್ಚಲಿಲ್ಲ. ಪರಾತದಲ್ಲಿದ್ದ ಕಣಕ ಹುಳಿ ವಾಸನೆ ಬಿಡತೊಡಗಿತ್ತು.

"ಬಿಟ್ಟುಬಿಡು," ಎಂದ ಅಪ್ಪ. "ಆದಷ್ಟು ಒಯ್ದು ಕೊಡೂಣು."

"ಎಂಬತ್ತು ಅಂದೇನಿ," ಎಂದಳು ಅವ್ವ. ಎದ್ದು ಮುಖ ತೊಳೆದುಕೊಂಡು ಚಾಚಿಯ ಮನೆಗೆ ಹೊರಟಳು. ನಾನೂ ಹಿಂದೆ ಹೋದೆ.

ಚಾಚಿಯ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಕೂತಿದ್ದರು. ನಮ್ಮ ಮಾತೇ ನಡೆದಿತ್ತು ಎಂಬುದು ನಾವು ಹೊಸ್ತಿಲು ಹತ್ತಿದಾಗ ಎಲ್ಲರೂ ಸುಮ್ಮನಾದದ್ದರಿಂದ ತಿಳಿಯಿತು. ಚಾಚಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ಕೂಡು ಎನ್ನಲಿಲ್ಲ.

"ತಪ್ಪಾತು ಆಪಾ," ಎಂದಳು ಅವ್ವ. ನಿಂತೇ ಎಲ್ಲ ಹೇಳಿದಳು. ಹೊಲಿಗೆ ಯಂತ್ರ ಮಾರಿದ್ದು, ಶುಕ್ರವಾರದ ಗಡುವು, ಸೀರೆ ಕೊಡಬೇಕೆಂದಿದ್ದು. "ಕೂಲಿ ಕೊಡ್ತೇನಿ. ಆಗಿಹ್ವಾದ ದಿನದ್ದೂ ಸೇರಿಸಿ ಕೊಡ್ತೇನಿ. ನಾಳೆ ಒಂದ ದಿನ ಬರ್ರಿ."

ಚಾಚಿಯ ಕೈ ನಿಂತಿತು.

"ನನಗ ಕೂಲಿ ಕೊಡ್ತಿ? ಸವಿ ಹುಟ್ಟಿದಾಗ ನಲವತ್ತು ದಿನ ನಿನ್ನ ಮನಿಗೆ ನೀರು ಹೊತ್ತೇನಿ. ಅದರ ಕೂಲಿ ಎಷ್ಟಾತು? ಅದನ್ನೂ ಕೊಡು ಹಂಗಾದ್ರ."

ಅವ್ವನ ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳಲಿಲ್ಲ. ನನಗೆ ಆ ಮನೆಯಿಂದ ಓಡಿಹೋಗಬೇಕೆನಿಸಿತು. ಆಗ ಗೋಡೆಗೆ ಒರಗಿ ಕೂತಿದ್ದ ಗಂಗಕ್ಕ ಮಾತಾಡಿದಳು.

"ನನಗ ಕೂಲಿ ಬೇಕು."

ಎಲ್ಲರೂ ಅವಳ ಕಡೆ ತಿರುಗಿದರು.

"ನೀವು ಬ್ಯಾಡ ಅಂದ್ರ ಬಿಡ್ರಿ. ನನ್ನ ಕೇಳ್ರಿ. ಮುಯ್ಯಾಳು ಮುಯ್ಯಾಳು ಅಂತೀರಿ. ನನ್ನ ಮನ್ಯಾಗಿಂದು ಐದು ಕಿಲೊ ಗೋದಿ. ನೀವೆಲ್ಲಾರೂ ಬಂದು ಊಟದ ಹೊತ್ತಿಗೆ ಮುಗಿಸಿ ಹೋಗ್ತೀರಿ. ನಾ ನಾಕು ಮನಿಗೆ ನಾಕು ದಿನ, ಮುಂಜಾನೆಯಿಂದ ಸಂಜಿತನಾ ಕುಟ್ಟತೇನಿ. ಆ ನಾಕು ದಿನ ನನ್ನ ಪಗಾರ ಹೋಗ್ತೈತಿ. ಇಷ್ಟು ವರ್ಷದಾಗ ಯಾರರೆ ನೋಡೀರೇನು?"

ಯಾರೂ ನೋಡಿರಲಿಲ್ಲ. ಚಾಚಿ ಉಳ್ಳಾಗಡ್ಡಿ ಪಕ್ಕಕ್ಕೆ ಸರಿಸಿ ಹೇಳಿದಳು, "ಒಂದ ಸಲನೂ ನೀ ಹೇಳಿಲ್ಲಲ್ಲ ಗಂಗಾ."

"ಹೇಳಿದ್ರ ಮುಂದ ಕರೀತಿದ್ದಿರೇನು?"

ಗಂಗಕ್ಕ ಎದ್ದು ಸೀರೆ ಕೊಡವಿಕೊಂಡಳು. ಅವ್ವನಿಗೆ ಹೇಳಿದಳು, "ಕಟ್ಟಡದಾಗ ಎಷ್ಟು ಕೊಡ್ತಾರೋ ಅಷ್ಟ ಕೊಡು. ನಾಳೆ ಇನ್ನಿಬ್ಬರನ್ನ ಕರಕೊಂಡು ಬರ್ತೇನಿ. ಆದ್ರ ಮಷಿನ್ ಇಲ್ಲದ ಆಗೂದಿಲ್ಲ ನೋಡು."

ಚಾಚಿ ಮತ್ತೆ ಉಳ್ಳಾಗಡ್ಡಿ ಹೆಚ್ಚತೊಡಗಿದಳು. ನಾವು ಬಂದೆವು.

ಗುರುವಾರ ಬೆಳಗ್ಗೆ ಹೊಸ ಕಣಕ ನಾದಿ, ಬೆಂಚು ಹಾಕಿ, ಎಲ್ಲರೂ ಓಣಿಯ ಕಡೆ ನೋಡುತ್ತಾ ಕೂತರು. ಗಂಗಕ್ಕ ಕರೆತಂದ ಇಬ್ಬರು ಹೆಂಗಸರಿಗೆ ಶಾವಿಗೆ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಯಂತ್ರವಿಲ್ಲದೆ ಏನು ಮಾಡುವುದು? ಅವ್ವ ಮೂರು ಸಲ ಬಾಗಿಲಿಗೆ ಹೋಗಿ ಬಂದಳು. ಒಂಬತ್ತರ ಹೊತ್ತಿಗೆ ನಸೀಮಾ ಯಂತ್ರವನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತಾ ಬಂದಳು. ಬೆಂಚಿನ ಮೇಲೆ ಇಟ್ಟು, ಪಾಠ ಒಪ್ಪಿಸುವವಳಂತೆ ಹೇಳಿದಳು.

"ಬಾಡಿಗಿ ಕೊಡಬೇಕಂತ ಅಮ್ಮಿ ಹೇಳ್ಯಾಳ. ಸಂಜಿಮುಂದ ತೊಳದು ಕಳಸಬೇಕಂತ."

"ನೀ ಕೂಡು ಬಾ," ಎಂದೆ ನಾನು, ಬೆಂಚಿನ ತುದಿಯಲ್ಲಿ ಸರಿದು ಜಾಗ ಮಾಡಿ.

"ಬರಬ್ಯಾಡ ಅಂದಾಳ," ಎಂದು ನಸೀಮಾ ಹಿಂದೆ ನೋಡದೆ ಹೋದಳು.

ನನ್ನೊಬ್ಬಳ ಭಾರಕ್ಕೆ ಬೆಂಚು ನಿಲ್ಲಲಿಲ್ಲ. ಅವ್ವ ಬೀಸುವ ಕಲ್ಲನ್ನು ತಂದು ನನ್ನ ಪಕ್ಕದಲ್ಲಿಟ್ಟಳು.

ಆ ದಿನ ಊಟಕ್ಕೂ ಯಾರೂ ಏಳಲಿಲ್ಲ. ಮೂರು ಗಂಟೆಗೆ ಕಡೆಯ ಕಣಕ ಯಂತ್ರಕ್ಕೆ ಬಿತ್ತು, ಮೂರೂವರೆಗೆ ಜೋಯಿಡಾ ಕಡೆಯಿಂದ ಮೋಡ ಎದ್ದಿತು. ಹಸಿ ಶಾವಿಗೆಗೆ ಒಂದು ಅಡ್ಡಮಳೆ ಸಾಕು, ಅಂಟಿಕೊಂಡು ಮುದ್ದೆಯಾಗುತ್ತದೆ. ಕೋಲುಗಳನ್ನು ಎತ್ತಿ ಒಳಗೆ ಓಡಿದೆವು. ಮಂಚದ ಮೇಲೆ, ಬಾಗಿಲ ಮೇಲೆ, ಬಟ್ಟೆಯ ಹಗ್ಗದ ಮೇಲೆ, ಎಲ್ಲೆಲ್ಲೂ ಶಾವಿಗೆ. ಕರೆಂಟು ಹೋಯಿತು. ಬೆನ್ನು ಹಿಡಿದು ಮಲಗಿದ್ದ ಅಪ್ಪ ಎದ್ದು, ಗೋಡೆ ಹಿಡಿದು ನಿಂತು, ರಟ್ಟಿನಿಂದ ಗಾಳಿ ಬೀಸಿದ. ನೋವಿಗೆ ಹಲ್ಲು ಕಚ್ಚಿಕೊಂಡಿದ್ದು ಕಾಣುತ್ತಿತ್ತು. ಹೊರಗೆ ನಾಲ್ಕು ಹನಿ ಬಿದ್ದು ಮೋಡ ಮುಂದೆ ಹೋಯಿತು.

ಶುಕ್ರವಾರ ಬೆಳಗ್ಗೆಯ ಬಿಸಿಲಿಗೆ ಮತ್ತೆ ಹರಡಿದೆವು. ಹನ್ನೊಂದೂವರೆಗೆ ಅವ್ವ ಚೀಲಗಳನ್ನು ಆಟೋದಲ್ಲಿ ಹಾಕಿಕೊಂಡು ಹೊರಟಳು. ನಾನು ಅವ್ವನ ಪಕ್ಕದಲ್ಲಿ. ಮಧ್ಯದ ಚೀಲದ ತಳದಲ್ಲಿ ನಿನ್ನೆಯ ಕಡೆಯ ಶಾವಿಗೆ ಇತ್ತು. ಅದು ಪೂರ್ತಿ ಒಣಗಿದೆಯೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇಸ್ಮಾಯಿಲ್ ಚಾಚಾ ಟೋಪಿ ಹಾಕಿಕೊಂಡು ನಮಾಜಿಗೆ ಹೊರಡಲು ಸಿದ್ಧರಾಗಿದ್ದರು. ಅಂಗಡಿಯ ಸ್ಟೂಲಿನ ಮೇಲೆ ಬ್ಯಾಗು ಹಿಡಿದ ಒಬ್ಬಾತ ಚಹಾ ಕುಡಿಯುತ್ತಿದ್ದ, ಅವನೇ ಹುಬ್ಬಳ್ಳಿಯ ಏಜೆಂಟ. ಚಾಚಾ ಚೀಲದ ಬಾಯಿ ಬಿಚ್ಚಿ, ಮೇಲಿನದನ್ನು ಮುಟ್ಟದೆ, ಮೊಳಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದರು. ಅದೇ ಮಧ್ಯದ ಚೀಲ.

ಒಂದು ಎಳೆ ಎತ್ತಿ ಕಿವಿಯ ಹತ್ತಿರ ಹಿಡಿದು ಮುರಿದರು. ಟಕ್ ಎಂದಿತು.

"ತೂಕಕ್ಕ ಹಾಕ್ರಿ," ಎಂದರು ಆಳಿಗೆ. ಏಜೆಂಟನಿಗೆ, "ಈ ಸಲ ಶಾವಿಗಿ ಬ್ಯಾಡ್ರಿ, ಸಾಬೂದಾನಿ ಬರಕೋರಿ," ಎಂದರು.

ಎಂಬತ್ತು ಕಿಲೊ ತೂಗಿ ಹಣ ಕೈಗೆ ಬಂದಾಗ ನನಗೆ ಕುಣಿಯಬೇಕೆನಿಸಿತು. ಅವ್ವ ಕುಣಿಯುವುದಿರಲಿ, ನಗಲೂ ಇಲ್ಲ. ನೇರವಾಗಿ ಮನೆಗೆ ಬಂದು ಗಂಗಕ್ಕನಿಗೂ ಅವಳ ಜೊತೆಯವರಿಗೂ ಕೂಲಿ ಕೊಟ್ಟಳು. ಉಳಿದೆರಡು ಮನೆಯವರು ಮುಜುಗರಪಡುತ್ತಲೇ ತೆಗೆದುಕೊಂಡರು. ಚಾಚಿಯದನ್ನು ನನ್ನ ಕೈಯಲ್ಲಿ ಕಳಿಸಿದಳು, ಯಂತ್ರದ ಬಾಡಿಗೆ ಒಂದು ಕಡೆ, ಕೂಲಿ ಇನ್ನೊಂದು ಕಡೆ ಮಡಚಿ.

ಚಾಚಿ ಬಾಡಿಗೆ ತೆಗೆದುಕೊಂಡು ಕೂಲಿಯನ್ನು ನನ್ನ ಕೈಗೇ ತಿರುಗಿ ಇಟ್ಟಳು. "ನಿಮ್ಮವ್ವಗ ಹೇಳು. ನಾ ಮದುವಿ ಮನಿಗೆ ಬಂದಿದ್ದೆ, ಕೆಲಸಕ್ಕ ಬಂದಿಲ್ಲ."

ನಾನೀಗ ಹಳಿಯಾಳದಲ್ಲಿ ಹೆಂಗಸರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ಕೆಲಸದಲ್ಲಿದ್ದೇನೆ. ಮೊದಲ ದಿನದ ಪಾಠ ಉದ್ಯಮಶೀಲತೆಯ ಪರಿಚಯ, ಸಮಾಜದಲ್ಲಿ ಅದರ ಪಾತ್ರ. ಉದ್ಯಮಿ ಎಂದರೆ ಜನಕ್ಕೆ ಏನು ಬೇಕು ಎಂಬುದನ್ನು ಮೊದಲು ಕಾಣುವವಳು, ಅದಕ್ಕೆ ಬೇಕಾದ ಸಂಪನ್ಮೂಲ ಕೂಡಿಸುವವಳು, ನಷ್ಟದ ಭಯವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ನಾಲ್ಕು ಜನಕ್ಕೆ ಕೆಲಸ ಕೊಡುವವಳು. ಹೀಗೆಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಎಲ್ಲ ಖರೇ. ಅವ್ವ ಅಕ್ಷರಶಃ ಅದನ್ನೇ ಮಾಡಿದಳು. ಆದರೆ ಸಂಪನ್ಮೂಲ ಎನ್ನುವ ಪದ ಬರೆಯುವಾಗ ಪ್ರತಿಸಲ ನನ್ನ ಕೈ ತಡೆಯುತ್ತದೆ. ಆ ವಾರ ಅವ್ವ ಕೂಡಿಸಿದ ಸಂಪನ್ಮೂಲ ಎಂದರೆ ಚಾಚಿಯ ತೋಳು. ಪಾಠದ ಕೊನೆಗೆ ಒಂದು ಮಾತು ಪುಸ್ತಕದಲ್ಲಿಲ್ಲದ್ದು ಹೇಳುತ್ತೇನೆ. ನೆರೆಯವರನ್ನು ಕೆಲಸಕ್ಕೆ ಕರೆಯುವಾಗ ಕೆಲಸಕ್ಕೆ ಎಂದೇ ಕರೆಯಿರಿ, ನಾಚಿಕೆಪಡಬೇಡಿ ಎನ್ನುತ್ತೇನೆ. ಬಂದ ಹೆಂಗಸರು ಇದರಲ್ಲೇನು ದೊಡ್ಡ ವಿಷಯ ಎಂಬಂತೆ ನನ್ನನ್ನು ನೋಡುತ್ತಾರೆ.

ಅವ್ವನ ಶಾವಿಗೆ ಇವತ್ತು ಹಳಿಯಾಳ, ಮುಂಡಗೋಡದ ಅಂಗಡಿಗಳಲ್ಲಿ ಸಿಗುತ್ತದೆ. ಅಂಬೇವಾಡಿಯಲ್ಲೇ ತಗಡಿನ ಶೆಡ್ಡು, ಕರೆಂಟಿನ ಯಂತ್ರ, ಮಳೆಗಾಲದಲ್ಲೂ ಒಣಗಿಸುವ ಪೆಟ್ಟಿಗೆ ಇದೆ. ಹನ್ನೊಂದು ಹೆಂಗಸರು ದುಡಿಯುತ್ತಾರೆ. ಎಲ್ಲರ ಮೇಲಿನವಳು ಗಂಗಕ್ಕ. ಅವಳು ಮತ್ತೆ ಕಟ್ಟಡದ ಕೆಲಸಕ್ಕೆ ಹೋಗಲಿಲ್ಲ, ಮಗಳನ್ನು ನರ್ಸಿಂಗ್ ಓದಿಸಿದಳು. ಮುಯ್ಯಾಳಿನ ಕಾಲ ಚೆನ್ನಾಗಿತ್ತು ಎಂದು ನಾನೆಲ್ಲಿಯಾದರೂ ಅಂದರೆ ಗಂಗಕ್ಕ, "ಯಾರಿಗೆ?" ಎಂದು ಕೇಳುತ್ತಾಳೆ. ಅವಳ ಎದುರು ಆ ಕಾಲ ಮರಳಿ ಬರಲಿ ಎನ್ನುವಷ್ಟು ನಾಚಿಕೆಗೆಟ್ಟವಳು ನಾನಲ್ಲ.

ಆದರೆ ಅದರ ಮರುವರ್ಷದ ಒಂದು ದಿನ ನನ್ನ ತಲೆಯಿಂದ ಹೋಗುವುದಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ ಚಾಚಿಯ ಅಂಗಳದಲ್ಲಿ ಬೆಂಚು ಬಿದ್ದದ್ದನ್ನು ಅವ್ವ ಕಿಟಕಿಯಿಂದ ನೋಡಿದಳು. ನಮಗೆ ಕರೆ ಬಂದಿರಲಿಲ್ಲ. ಆ ಒಂದು ವರ್ಷದಲ್ಲಿ ಅವ್ವನೂ ಚಾಚಿಯೂ ಎದುರಾದರೆ ಊಟ ಆಯಿತೇ ಎನ್ನುವಷ್ಟು ಮಾತು ಮಾತ್ರ ಇತ್ತು. ಅಂದು ಅವ್ವ ಆ ಹೊತ್ತಿಗೆ ಕೂಲಿಗೆ ಇಟ್ಟುಕೊಂಡಿದ್ದ ತನ್ನ ಕೆಲಸದವರಿಗೆಲ್ಲ ರಜೆ ಹೇಳಿದಳು, ಹಳೆಯ ಸೀರೆ ಉಟ್ಟುಕೊಂಡಳು, ನನ್ನನ್ನು ಕರೆದುಕೊಂಡು ಹೊರಟಳು. "ನನ್ನ ಮ್ಯಾಲ ಆಕಿದು ಮೂರು ದಿನ ಐತಿ ಸವಿ," ಎಂದಳು ದಾರಿಯಲ್ಲಿ.

ಚಾಚಿ ನಮ್ಮನ್ನು ನೋಡಿ ಬೇಡ ಎನ್ನಲಿಲ್ಲ. ಅವ್ವ ಹಿಡಿಕೆಗೆ ಕೈ ಹಾಕಿದಳು. ಬೆಳಗಿನಿಂದ ಬಿಸಿಲು ಇಳಿಯುವವರೆಗೆ ತಿರುಗಿಸಿದಳು, ಯಾರಿಗೂ ಬಿಟ್ಟುಕೊಡಲಿಲ್ಲ. ನಾನೂ ನಸೀಮಾಳೂ ಬೆಂಚಿನ ತುದಿಗೆ ಕೂತಿದ್ದೆವು, ಮಾತು ಶುರುಮಾಡುವುದು ಹೇಗೆಂದು ಇಬ್ಬರಿಗೂ ತಿಳಿಯದೆ. ಮಧ್ಯಾಹ್ನ ಚಾಚಿ ಒಮ್ಮೆ, "ತೆಳ್ಳಗ ಬರಾಕತ್ತೈತಿ ನೋಡು," ಎಂದಳು. ಅವ್ವ ನಕ್ಕಳು. ಎಲ್ಲ ಸರಿಹೋಯಿತು ಎಂದು ನಾನು ಅಂದುಕೊಂಡೆ, ನಿಜವಾಗಿಯೂ ಅಂದುಕೊಂಡೆ.

ಸಂಜೆ ಒಳಗೆ ಶಾವಿಗೆ ಬಸಿಯುವ ವಾಸನೆ ಬಂತು. ಅವ್ವ ಕೈಕಾಲು ತೊಳೆದುಕೊಂಡು ತಾಟಿಗಾಗಿ ಪಡಸಾಲೆಯಲ್ಲಿ ಕೂತಳು. ಚಾಚಿ ಒಳಗಿನಿಂದ ಬಂದಳು, ಕೈಯಲ್ಲಿ ತಾಟಿರಲಿಲ್ಲ. ಗರಿಗರಿ ನೋಟುಗಳನ್ನು ಅವ್ವನ ಅಂಗೈಯಲ್ಲಿ ಇಟ್ಟು, ಬೆರಳು ಮಡಚಿದಳು.

"ತಗೋ ಲಲಿತಾ, ನಿನ್ನ ಕೂಲಿ."

ಸಿಟ್ಟಿನಿಂದ ಹೇಳಲಿಲ್ಲ. ಲೋಕ ಈಗ ಹೀಗಿದೆಯಲ್ಲ ಎಂಬಂತೆ, ಮರ್ಯಾದೆಯಿಂದಲೇ ಹೇಳಿದಳು. ಅವ್ವ ಬೇಡ ಎನ್ನಲು ಬಾಯಿ ತೆರೆದಳು. ಏನೆಂದು ಬೇಡ ಎನ್ನಬೇಕು? ನೋಟುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಬರ್ತೇನಿ ಆಪಾ," ಎಂದಳು.

"ಹೂಂ," ಎಂದಳು ಚಾಚಿ.

ಅದಾದ ಮೇಲೆ ನಮ್ಮ ಓಣಿಯಲ್ಲಿ ಶಾವಿಗೆಗೆ ಯಾರೂ ಯಾರನ್ನೂ ಕರೆದಿಲ್ಲ.